ಅಲ್ಲಾಡದ ನೂರ ಹನ್ನೆರಡು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೈದಾನದಿಂದ ಶುರು ಮಾಡಿದರೆ ಮೊದಲ ಸಾಲಿಗೇ ನಿಮ್ಮ ಎದೆ ಧಸಕ್ ಎನ್ನುತ್ತದೆ, ಪುಸ್ತಕ ಮುಚ್ಚಿಬಿಡುತ್ತೀರಿ. ಮೊಬೈಲಿನಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಒಂದಾನೊಂದು ಕಾಲದಲ್ಲಿ ಎನ್ನೋಣವೆಂದರೆ ಈ ಕಥೆಯ ತಾಪತ್ರಯವೇ ಕಾಲದ್ದು. ಯಾವ ಕಾಲದಲ್ಲಿ ಎಂದು ಯಾರಿಗಾದರೂ ಗೊತ್ತಿದ್ದಿದ್ದರೆ ಇಷ್ಟೆಲ್ಲ ಹೆದರಬೇಕಾಗಿರಲಿಲ್ಲ.

(ನೋಡಿ, ಆಗಲೇ ಗುಟ್ಟು ಬಿಟ್ಟುಕೊಟ್ಟೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ನಮ್ಮತ್ತೆ ಸುಮ್ಮನೆ ಹೇಳುವುದಿಲ್ಲ.)

ಮೊದಲ ಡ್ರಾಫ್ಟ್ ಹೀಗಿತ್ತು: 'ಮೊಬೈಲಿನ ಹೋಮ್ ಸ್ಕ್ರೀನಿನ ಮೇಲೆ ಕೂರುವ ವಿಜೆಟ್ ಎಂಬ ಪುಟ್ಟ ಚೌಕ, ಆಧುನಿಕ ಮನುಷ್ಯನ ಅಸ್ತಿತ್ವದ...' ಅಲ್ಲಿಗೆ ಅಳಿಸಿದೆ. ನಾನು ಅಸ್ತಿತ್ವ ಎಂದು ಬರೆದರೆ ಬರೆಯಬೇಕಾದ್ದನ್ನು ಬರೆಯದೆ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದೇ ಅರ್ಥ. ಬರೆಯಬೇಕಾದ್ದು ಇಷ್ಟು: ಒಂದು ಹುಡುಗಿ ಇದ್ದಾಳೆ, ಒಬ್ಬಳು ತಾಯಿ ಇದ್ದಾಳೆ. ಹುಡುಗಿ ಈಗ ಹೇಗಿದ್ದಾಳೆ ಎಂದು ತಾಯಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಬರೆಯುವವಳಿಗೇ ಗೊತ್ತಿಲ್ಲ ಅಂದರೆ ಹೇಗೆ ಎಂದು ಕೇಳಬೇಡಿ, ನನಗೆ ನಿಜವಾಗಲೂ ಭಯವಾಗುತ್ತಿದೆ.

೨

ಆಫೀಸಿನಿಂದಲೇ ಶುರು ಮಾಡುತ್ತೇನೆ. ಆಫೀಸುಗಳಲ್ಲಿ ಯಾರೂ ಸಾಯುವುದಿಲ್ಲ, ಬೇಜಾರಾಗುತ್ತಾರೆ ಅಷ್ಟೆ.

ಮೀಟಿಂಗ್ ರೂಮು. ಉದ್ದನೆಯ ಮೇಜಿನ ಒಂದು ಕಾಲು ಗಿಡ್ಡ, ಅದರಡಿಗೆ ಯಾರೋ ಕಾಗದ ಮಡಚಿ ತುರುಕಿದ್ದಾರೆ. ಬೆಳಗಿನ ಕಾಫಿ ಲೋಟಗಳು ಇನ್ನೂ ಅಲ್ಲೇ ಇವೆ. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು. ಅದರ ಪಕ್ಕ ನಿಂತು ಮಾತಾಡುತ್ತಿರುವವಳೇ ತಾಯಿ. ಆಫೀಸಿನಲ್ಲಿ ಎಲ್ಲರೂ ಅವಳನ್ನು ವಿಜೆಟ್ಟಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೇ ಕರೆಯುತ್ತಾರೆ. ಅವಳಿಗೇನೂ ಬೇಸರವಿಲ್ಲ.

ಈ ಕಂಪನಿ ಮಾಡುವುದು ಸಕ್ಕರೆ ಕಾಯಿಲೆಯವರ ಆ್ಯಪ್. ತೋಳಿಗೆ ನಾಣ್ಯದಷ್ಟಗಲದ ಸೆನ್ಸರ್ ಅಂಟಿಸಿಕೊಂಡರೆ ಅದು ಮೈಯೊಳಗಿನ ಸಕ್ಕರೆಯನ್ನು ಆಗಾಗ ಅಳೆದು, ಹತ್ತಿರದಲ್ಲಿರುವ ಫೋನಿಗೆ ಒಂದು ಸಂಖ್ಯೆ ಕಳಿಸುತ್ತದೆ. ಆ ಫೋನು ಅದನ್ನು ಮನೆಯವರ ಫೋನುಗಳಿಗೆ ಕಳಿಸುತ್ತದೆ. ಮನೆಯವರು ಆ್ಯಪ್ ತೆರೆಯಬೇಕಾಗಿಲ್ಲ, ಹೋಮ್ ಸ್ಕ್ರೀನಿನ ಚೌಕದಲ್ಲೇ ಸಂಖ್ಯೆ ಕಾಣುತ್ತದೆ. ಆ ಚೌಕ ಮಾಡಿದವಳು ವಿಜೆಟ್ಟಮ್ಮ. ಅವಳ ಮಗಳ ತೋಳಿನಲ್ಲೂ ಅದೇ ಸೆನ್ಸರ್ ಇದೆ. ಎರಡನೇ ಕ್ಲಾಸಿನಿಂದ ಇದೆ.

ಮಗಳನ್ನು ಮನೆಯಲ್ಲಿ ಮಿಡತೆ ಎನ್ನುತ್ತಾರೆ. ನಡೆಯುವುದನ್ನು ಯಾರೂ ನೋಡಿಲ್ಲ, ನೆಗೆಯುವುದನ್ನೇ ನೋಡಿದ್ದಾರೆ. ಇವತ್ತು ಶಾಲೆಯಲ್ಲಿ ಓಟದ ತಂಡಕ್ಕೆ ಆಯ್ಕೆ ನಡೆಯುತ್ತಿದೆ. ಬೆಳಿಗ್ಗೆ ಅವಳು ಹಾಲು ಕುಡಿದದ್ದು ಅರ್ಧ ಲೋಟ, ಅದೂ ನಿಂತುಕೊಂಡು. ಓಡುವ ಮೊದಲು ಬಿಸ್ಕತ್ತು ತಿನ್ನುತ್ತೇನೆ ಎಂದು ತಾಯಿಯ ತಲೆ ಮುಟ್ಟಿ ಆಣೆ ಹಾಕಿ ಹೋದಳು. ತಿನ್ನದೆ ಓಡಿದರೆ ಸಕ್ಕರೆ ಒಮ್ಮೆಲೇ ಇಳಿದು ಎಚ್ಚರ ತಪ್ಪಬಹುದು.

ಗೋಡೆಯ ಮೇಲೆ ಕಾಣುತ್ತಿರುವುದು ವಿಜೆಟ್ಟಮ್ಮನದೇ ಫೋನು. ಡೆಮೊ ಎಂದರೆ ನಿಜವಾದ ಫೋನೇ ಇರಲಿ ಎಂದು ಮ್ಯಾನೇಜರ್ ಹಟ ಹಿಡಿದಿದ್ದ. ಹೀಗಾಗಿ ಮಿಡತೆಯ ಸಕ್ಕರೆ ಒಂದಾಳೆತ್ತರದ ಅಂಕಿಗಳಲ್ಲಿ ಗೋಡೆಯ ಮೇಲಿದೆ. ನೂರ ಹನ್ನೆರಡು. ಹಸಿರು ಬಣ್ಣ. ಚೆನ್ನಾಗಿದೆ ಎಂದರ್ಥ.

೩

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. (ಫ್ಲ್ಯಾಶ್‌ಬ್ಯಾಕ್ ಕಂಡರೆ ನಮ್ಮತ್ತೆಗೆ ಆಗುವುದಿಲ್ಲ. ಹೊಲಿಗೆ ಕ್ಲಾಸು ನಡೆಸುತ್ತಿದ್ದವರು. 'ಹೊಲೀತಾ ಹೊಲೀತಾ ಹಿಂದಕ್ಕೆ ಹೋದ್ರೆ ದಾರ ಗಂಟಾಗತ್ತೆ ಕಣಮ್ಮ' ಎನ್ನುತ್ತಾರೆ. ನನ್ನ ಕಥೆಗಳನ್ನು ಮೊದಲು ಓದುವವರು ಅವರೇ, ಊಟದ ಮೇಜಿನ ಆ ತುದಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು.)

ಮೊದಲು ಆ ಚೌಕದಲ್ಲಿ ಎರಡು ಸಾಲು ಇದ್ದವು. ಮೇಲೆ ಸಂಖ್ಯೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಮೂರು ನಿಮಿಷದ ಹಿಂದೆ' ಎಂದು. ಮೂರು ನಾಲ್ಕಾಗಬೇಕು, ನಾಲ್ಕು ಐದಾಗಬೇಕು. ಅದಕ್ಕಾಗಿ ನಿಮಿಷಕ್ಕೊಮ್ಮೆ ಫೋನನ್ನು ಎಬ್ಬಿಸಬೇಕು. ಮಲಗಿದ ಕೂಸನ್ನು ನಿಮಿಷಕ್ಕೊಂದು ಸಲ ಅಲ್ಲಾಡಿಸಿ 'ನಿದ್ದೆ ಬಂತಾ' ಎಂದು ಕೇಳಿದ ಹಾಗೆ. ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತು.

ವಿಜೆಟ್ಟಮ್ಮನ ಗಂಡ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಒಂದು ದಿನ ಶಾಲೆಯಿಂದ ಅವನಿಗೆ ಫೋನು ಮಾಡಿದ್ದಾರೆ, ಮಿಡತೆಗೆ ತಲೆ ಸುತ್ತು ಎಂದು. ಅವನ ಫೋನು ಸತ್ತುಹೋಗಿತ್ತು. ಮನೆಗೆ ಬಂದವನೇ ಕೂಗಾಡಿದ.

"ನಿನ್ನ ಈ ಚೌಕ ನನ್ನ ಬ್ಯಾಟ್ರೀನ ನುಂಗಿ ನೀರು ಕುಡೀತು ಕಣೇ. ಮಗು ನಂಬರ್ ಕಾಣ್ಲಿ ಅಂತ ಹಾಕ್ಕೊಂಡಿದ್ದು. ಈಗ ನಂಬರ್ರೂ ಇಲ್ಲ, ಫೋನೂ ಇಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ್ಯಪ್ ಬಳಸುವವರೂ ಅದನ್ನೇ ಹೇಳುತ್ತಿದ್ದರು, ಒಂದೊಂದೇ ಸ್ಟಾರ್ ಕೊಟ್ಟು. ಆಗ ವಿಜೆಟ್ಟಮ್ಮ ಕೂತು ಇಡೀ ಚೌಕವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಫೋನು ಪದೇ ಪದೇ ಹೋಗಿ ಕೇಳುವುದು ಬೇಡ, ಸುದ್ದಿ ಇದ್ದರೆ ಕಂಪನಿಯ ಸರ್ವರ್ರೇ ಬಂದು ಬಾಗಿಲು ತಟ್ಟಲಿ. ತಟ್ಟಿದಾಗ ಫೋನು ಎದ್ದು ಒಂದು ಚಿತ್ರ ಬರೆದು ಚೌಕಕ್ಕೆ ಅಂಟಿಸಿ ಮತ್ತೆ ಮಲಗಲಿ. ವಿಜೆಟ್ ಅಂದರೆ ಕಿಟಕಿಯಲ್ಲ, ಗೋಡೆಗೆ ಹಾಕಿದ ಫೋಟೋ. ಹೊಸ ಫೋಟೋ ಬರುವ ತನಕ ಹಳೆಯದು ನಗುತ್ತಲೇ ಇರುತ್ತದೆ. ಇನ್ನು ಆ 'ಎಷ್ಟು ನಿಮಿಷದ ಹಿಂದೆ' ಎಂಬ ಸಾಲು, ಎಲ್ಲ ಬ್ಯಾಟರಿಯನ್ನೂ ತಿನ್ನುತ್ತಿದ್ದದ್ದೇ ಅದು. ಕಿತ್ತು ಹಾಕಿದಳು.

ಬ್ಯಾಟರಿ ಸಂಜೆವರೆಗೂ ಬಂತು. ಗಂಡ ಸಮಾಧಾನವಾದ. ಸ್ಟಾರುಗಳು ಏರಿದವು. ಅವಳಿಗೆ ಬಡ್ತಿಯ ಮಾತೂ ನಡೆಯುತ್ತಿದೆ.

ಸಂಖ್ಯೆ ತೀರಾ ಇಳಿದರೆ ಫೋನು ಕಿರುಚಿಕೊಳ್ಳುತ್ತದೆ, ಅದೇನೋ ಇದೆ. ಆದರೆ ಕಿರುಚಬೇಕಾದರೆ ಸಂಖ್ಯೆ ಬರಬೇಕು. ಸಂಖ್ಯೆಯೇ ಬರದಿದ್ದರೆ ಹೊಡೆದುಕೊಳ್ಳುವ ಇನ್ನೊಂದು ಗಂಟೆಯೂ ಇತ್ತು. ಮಿಡತೆ ಸ್ನಾನಕ್ಕೆ ಹೋದರೆ ಸಾಕು, ಅದು ಬಡಿದುಕೊಳ್ಳುತ್ತಿತ್ತು. ಕ್ಲಾಸಿನಲ್ಲಿ ಫೋನಿದ್ದ ಸೊಂಟದ ಪೌಚ್ ಬಿಚ್ಚಿ ದೂರ ಇಟ್ಟರೂ ಬಡಿದುಕೊಳ್ಳುತ್ತಿತ್ತು. "ಅಮ್ಮಾ, ಎಲ್ರೂ ನನ್ನ ಅಂಬುಲೆನ್ಸ್ ಅಂತಾರೆ" ಎಂದು ಮಗು ಅತ್ತ ದಿನ ಅದನ್ನೂ ಆಫ್ ಮಾಡಿದರು. ನೀವಾಗಿದ್ದರೂ ಮಾಡುತ್ತಿದ್ದಿರಿ.

೪

ಮತ್ತೆ ಮೀಟಿಂಗ್ ರೂಮು.

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಗೋಡೆ ತೋರಿಸಿದ. "ನೋಡ್ರಪ್ಪ, ಅವಾಗಿಂದ ಡೆಮೊ ನಡೀತಿದೆ, ಬ್ಯಾಟ್ರಿ ಹಂಗೇ ಇದೆ. ವಿಜೆಟ್ಟಮ್ಮನ ಮಗಳ ಶುಗರ್ರೂ ಹಂಗೇ ಇದೆ. ಎರಡೂ ಬಂಡೆ ಥರ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ನಗು ಅರ್ಧಕ್ಕೆ ನಿಂತಿತು. ಅವಳು ಗೋಡೆ ನೋಡಿದಳು. ನೂರ ಹನ್ನೆರಡು. ಮಾತು ಶುರು ಮಾಡಿದಾಗಲೂ ನೂರ ಹನ್ನೆರಡೇ ಇತ್ತಲ್ಲ. ಗ್ರಾಫ್ ತೋರಿಸುವಾಗಲೂ. ಯಾರೋ ಪ್ರಶ್ನೆ ಕೇಳಿ ಅದಕ್ಕೆ ಇನ್ಯಾರೋ ಉತ್ತರ ಕೊಡುವಾಗಲೂ. ಓಡುವ ಮಗುವಿನ ಸಕ್ಕರೆ ಹಾಗೆ ನಿಲ್ಲುವುದಿಲ್ಲ. ಸುಮ್ಮನೆ ಕೂತವರದ್ದೇ ನಿಲ್ಲುವುದಿಲ್ಲ. ನೂರಾ ಒಂಬತ್ತೋ ನೂರ ಹದಿನೈದೋ, ಏನಾದರೂ ಆಗಿ ಅಲ್ಲಾಡುತ್ತಲೇ ಇರುತ್ತದೆ. ಅಲ್ಲಾಡದೆ ನಿಲ್ಲುವುದು

(ಆ ವಾಕ್ಯವನ್ನು ಮುಗಿಸುವುದಿಲ್ಲ. ಮುಗಿಸು ಎಂದು ಯಾರೂ ಹೇಳಬೇಡಿ.)

ಅವಳು ಕೇಬಲ್ ಕಿತ್ತು ಫೋನು ಕೈಗೆತ್ತಿಕೊಂಡಳು. ಗೋಡೆ ಬರೀ ನೀಲಿಯಾಯಿತು. "ಏನಾಯ್ತು?" ಎಂದ ಮ್ಯಾನೇಜರ್. ಅವಳು ಆ್ಯಪನ್ನೇ ತೆರೆದಳು. ಅಲ್ಲಿ ಸಕ್ಕರೆಯ ಗ್ರಾಫಿನ ಗೆರೆ ಒಂದಷ್ಟು ದೂರ ಬಂದು, ಆಮೇಲೆ ಇಲ್ಲ. ಕೆಳಗೆ ಇಳಿದಿಲ್ಲ, ಮೇಲೆ ಹತ್ತಿಲ್ಲ. ಸುಮ್ಮನೆ ಇಲ್ಲ. ಗೆರೆ ನಿಂತದ್ದು ಮೀಟಿಂಗ್ ಶುರುವಾಗುವ ಮೊದಲೇ.

ತಾನು ಕಟ್ಟಿದ್ದು ಏನು ಎಂದು ಅವಳಿಗೆ ಆಗ ತಿಳಿಯಿತು. ಮಗು ಚೆನ್ನಾಗಿದ್ದರೂ ಆ ಚೌಕ ನಗುತ್ತಿರುತ್ತದೆ. ಮಗುವಿನ ಸುದ್ದಿಯೇ ಇಲ್ಲದಿದ್ದರೂ ನಗುತ್ತಿರುತ್ತದೆ. ಎರಡಕ್ಕೂ ಒಂದೇ ಹಸಿರು.

೫

ಇಲ್ಲಿ ಎದ್ದು ಹೋಗಿ ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಅತ್ತೆ ಇಷ್ಟನ್ನೂ ಓದಿ ಕೂತಿದ್ದರು.

"ಮಗೂನ ಏನಾದ್ರೂ ಮಾಡ್ತೀಯಾ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂದ್ರೇನು? ಬರೆಯೋಳು ನೀನು ತಾನೆ. ಮಗೂಗೆ ಏನಾದ್ರೂ ಆಗೋದಾದ್ರೆ ನಂಗೆ ಓದೋಕೆ ಕೊಡ್ಬೇಡ. ಈ ವಯಸ್ಸಲ್ಲಿ ಅದೆಲ್ಲ ನಂಗೆ ತಡೆಯಲ್ಲ."

ನನಗೂ ತಡೆಯುವುದಿಲ್ಲ. ಅದಕ್ಕೇ ಕಥೆಯನ್ನು ಬೇರೆ ಕಡೆ ತಿರುಗಿಸಲು ನೋಡಿದೆ. ಮ್ಯಾನೇಜರನಿಗೆ ಒಂದು ಬಾಲ್ಯ ಕೊಡೋಣವೆಂದುಕೊಂಡೆ. ನೀಲಿ ಗೋಡೆಯ ಬಗ್ಗೆ ಒಂದು ಪ್ಯಾರಾ ಬರೆದೆ, ಚೆನ್ನಾಗಿಯೇ ಬಂದಿತ್ತು. ಆಗ ವಿಜೆಟ್ಟಮ್ಮ ಪುಟದಿಂದಲೇ ತಲೆ ಎತ್ತಿದಳು.

"ಮೇಡಂ, ಗೋಡೆ ಬಣ್ಣ ಆಮೇಲೆ ಬರ್ಕೊಳ್ಳಿ. ನನ್ನ ಲಿಫ್ಟ್ ಹತ್ರ ಬಿಡ್ತೀರಾ?"

"ಸ್ವಲ್ಪ ತಾಳಿ. ಓದುವವರಿಗೆ ನಿಮ್ಮ ಮನಃಸ್ಥಿತಿ ಗೊತ್ತಾಗಬೇಕಲ್ಲ."

"ನನ್ನ ಮನಃಸ್ಥಿತಿ ಕಟ್ಕೊಂಡು ಅವ್ರಿಗೇನಾಗ್ಬೇಕು? ನನ್ನ ಮಗಳು ಎಲ್ಲಿದಾಳೆ ಅದು ಹೇಳಿ."

ಲಿಫ್ಟ್ ಬರೆದೆ. ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು.

೬

ಮಿಡತೆಯ ಫೋನಿಗೆ ಕರೆ ಹೋಗುವುದಿಲ್ಲ, ಶಾಲೆಯ ನಿಯಮಕ್ಕಾಗಿ ಅದರಲ್ಲಿ ಕರೆ ಬಂದ್ ಮಾಡಿಸಿದ್ದರು, ಸಂಖ್ಯೆ ಕಳಿಸುವುದಷ್ಟೇ ಅದರ ಕೆಲಸ. ಮೆಟ್ಟಿಲಿಳಿಯುತ್ತಲೇ ಶಾಲೆಗೆ ಫೋನು ಮಾಡಿದಳು. ತುಂಬ ಹೊತ್ತು ಹೊಡೆದುಕೊಂಡ ಮೇಲೆ ಆಫೀಸಿನ ಹೆಂಗಸೊಬ್ಬರು ಎತ್ತಿದರು.

"ಇವತ್ತು ಎಲ್ಲಾ ಮೈದಾನಕ್ಕೆ ಹೋಗಿದಾರೆ ಮೇಡಂ. ಇಲ್ಲಿ ನಾನೊಬ್ಳೇ ಇರೋದು."

"ಪಿ.ಟಿ. ಮೇಷ್ಟ್ರ ಫೋನಿಗೆ ಆಗ್ಲೇ ಮಾಡಿದ್ದೆ, ಎತ್ತಲಿಲ್ಲ."

"ಅವ್ರ ಫೋನು ಇಲ್ಲೇ ಡ್ರಾಯರಲ್ಲಿ ಬಡ್ಕೊತಾ ಇತ್ತು. ಸೀಟಿ ಊದೋವಾಗ ಅಡ್ಡ ಅಂತ ಇಟ್ಟು ಹೋಗ್ತಾರೆ."

"ದಯವಿಟ್ಟು ಒಂದ್ಸಲ ಹೋಗಿ ನೋಡ್ತೀರಾ? ನನ್ನ ಮಗಳು, ತೋಳಲ್ಲಿ ಬಿಳಿ ಸೆನ್ಸರ್ ಇರುತ್ತೆ, ಸೊಂಟಕ್ಕೆ ಪೌಚ್ ಕಟ್ಕೊಂಡಿರ್ತಾಳೆ."

"ಓ, ಆ ಚೂಟಿ ಹುಡುಗೀನಾ? ಗೊತ್ತು ಗೊತ್ತು. ಇರಿ ಲೈನಲ್ಲಿ, ನೋಡ್ಕೊಂಡು ಬರ್ತೀನಿ. ಗಾಬರಿ ಆಗ್ಬೇಡಿ."

ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು. ಚಪ್ಪಲಿಯ ಸದ್ದು ದೂರವಾಯಿತು. ಆಮೇಲೆ ಫ್ಯಾನಿನ ಸದ್ದು. ವಿಜೆಟ್ಟಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಟ್ಯಾಕ್ಸಿ ಹತ್ತಿದಳು, ಒತ್ತಿಕೊಂಡೇ ದಾರಿ ಹೇಳಿದಳು. ಆ ಕಡೆ ಫ್ಯಾನು ತಿರುಗುತ್ತಲೇ ಇತ್ತು. ಮೈದಾನ ಶಾಲೆಯ ಹಿಂದಿನ ರಸ್ತೆ ದಾಟಿ ಇದೆ, ಹೋಗಿ ಬರಲು ಹೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಫ್ಯಾನಿನ ಒಂದು ರೆಕ್ಕೆ ಎಲ್ಲೋ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಯಾರೂ ವಾಪಸ್ ಬರಲಿಲ್ಲ.

ಬ್ಯಾಟರಿ ಮಾತ್ರ ಭರ್ತಿ ಇತ್ತು. ಇನ್ನು ಅರ್ಧ ದಿನ ಬೇಕಾದರೂ ಆ ಫ್ಯಾನಿನ ಸದ್ದು ಕೇಳಿಸಿಕೊಳ್ಳಬಹುದಿತ್ತು.

೭

ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಿದೆ. ಮುಂದೆ ನೀರಿನ ಟ್ಯಾಂಕರು, ಪಕ್ಕದಲ್ಲಿ ಮಂಚ ಹೇರಿಕೊಂಡ ಟೆಂಪೋ. ಡ್ರೈವರು ಕನ್ನಡಿಯಲ್ಲಿ ನೋಡಿ "ಆಸ್ಪತ್ರೆಗಾ ಮೇಡಂ?" ಎಂದ. "ಸ್ಕೂಲಿಗೆ" ಎಂದಳು. ಅವಳ ಮುಖಕ್ಕೂ ಆ ಉತ್ತರಕ್ಕೂ ತಾಳೆಯಾಗದೆ ಅವನು ಇನ್ನೊಮ್ಮೆ ನೋಡಿದ.

ಆಗ ಅವಳಿಗೆ ಹೊಳೆದದ್ದು ಎಷ್ಟು ಸಣ್ಣ ವಿಷಯ ಎಂದರೆ, ಬರೆಯಲು ನನಗೇ ನಾಚಿಕೆಯಾಗುತ್ತಿದೆ. 'ಎಷ್ಟು ಹೊತ್ತಾಯಿತು' ಎಂದು ಬರೆದರೆ ನಿಮಿಷ ನಿಮಿಷಕ್ಕೂ ತಿದ್ದಬೇಕು. 'ಯಾವಾಗಿನದು' ಎಂದು ಬರೆದಿದ್ದರೆ? ಸಂಖ್ಯೆಯ ಪಕ್ಕದಲ್ಲಿ ಅದು ಬಂದ ಗಳಿಗೆಯನ್ನು ಒಂದೇ ಒಂದು ಸಲ ಬರೆದರೆ ಮುಗಿಯಿತು. ಫೋನನ್ನು ಎಬ್ಬಿಸಬೇಕಾಗಿಲ್ಲ. ಬ್ಯಾಟರಿ ಕೂದಲೆಳೆಯಷ್ಟೂ ಖರ್ಚಾಗುವುದಿಲ್ಲ. ನೋಡಿದವರು ಗಡಿಯಾರ ನೋಡಿಕೊಂಡು ತಾವೇ ಲೆಕ್ಕ ಹಾಕುತ್ತಾರೆ. ಹಾಲಿನ ಪ್ಯಾಕೆಟ್ಟಿನ ಮೇಲೂ ತಾರೀಕು ಹಾಕಿರುತ್ತಾರೆ. ಇಡೀ ಆಫೀಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬ್ಯಾಟರಿ ಉಳಿಯಿತು ಎಂಬ ಖುಷಿಯಲ್ಲಿ ಆ ಸಾಲಿನ ಜಾಗ ಖಾಲಿ ಬಿಟ್ಟು, ಸಂಖ್ಯೆಯನ್ನು ಇನ್ನಷ್ಟು ದೊಡ್ಡದು ಮಾಡಿದರು.

"ಮೇಡಂ, ಈಗ ಆಫೀಸಿಗೆ ಮೆಸೇಜ್ ಹಾಕ್ಲಾ? ಒಂದು ಸಾಲು ಸೇರಿಸಿದ್ರೆ ಸಾಕು ಅಂತ. ಬೇರೆ ಮನೆಗಳಲ್ಲೂ ಇದೇ ಚೌಕ ನೋಡ್ಕೊಂಡು ಕೂತಿರ್ತಾರಲ್ಲ" ಎಂದಳು ನನಗೆ.

"ಹಾಕಿ."

"ಫೋನು ಕಿವಿಯಿಂದ ತೆಗೆಯೋಕಾಗಲ್ಲ. ನೀವೇ ಹಾಕಿ."

ನಾನು ಹಾಕಿದೆ. ಅಷ್ಟಾದರೂ ನನ್ನ ಕೈಯಲ್ಲಿತ್ತು.

೮

ಸಿಗ್ನಲ್ ಇನ್ನೂ ಬಿಟ್ಟಿಲ್ಲ. ಈ ಪುರುಸೊತ್ತಿನಲ್ಲಿ ಅಂತ್ಯಗಳನ್ನು ನೋಡಿಬಿಡೋಣ.

ಅಂತ್ಯ ಒಂದು. ಪಿ.ಟಿ. ಮೇಷ್ಟ್ರು 'ಪೌಚ್ ಬಿಚ್ಚಿಟ್ಟು ಓಡಮ್ಮ, ಭಾರ ಆಗತ್ತೆ' ಎಂದಿದ್ದಾರೆ. ಮಿಡತೆ ಪೌಚ್ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದಾಳೆ. ಫೋನು ಪೌಚಿನಲ್ಲಿ, ಸೆನ್ಸರ್ ತೋಳಿನಲ್ಲಿ, ನಡುವೆ ಇಡೀ ಮೈದಾನ. ಸಂಖ್ಯೆ ಹೇಗೆ ಬಂದೀತು? ಇಷ್ಟೇ ವಿಷಯ. ತಾಯಿ ಓಡಿ ಬರುತ್ತಾಳೆ, ಮಗಳು ಎರಡನೇ ಸ್ಥಾನ ಬಂದು ನಳದ ಕೆಳಗೆ ಮುಖ ತೊಳೆಯುತ್ತಿರುತ್ತಾಳೆ. ಸುಖಾಂತ.

ಅತ್ತೆಗೆ ಓದಿ ಹೇಳಿದೆ. "ನೋಡು, ಹಿಂಗೆ ಬರೀಬೇಕು" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ನಾನೂ ಉಸಿರು ಬಿಟ್ಟೆ. ಅಷ್ಟರಲ್ಲಿ ಮೇಜಿನ ಅಂಚು ಹಿಡಿದುಕೊಂಡು ಯಾರೋ ನಿಂತ ಹಾಗಾಯಿತು.

"ಆಂಟಿ, ಸೆಕೆಂಡ್ ಯಾಕೆ? ಫಸ್ಟ್ ಬರಬಾರ್ದಾ ನಾನು?"

"ಮಿಡತೆ! ಫಸ್ಟೇ ಮಾಡ್ತೀನಿ ಬಿಡು ಪುಟ್ಟಿ. ಬಿಸ್ಕತ್ತು ತಿಂದ್ಯಾ?"

"ಇಲ್ಲ. ಓಡಿ ಆದ್ಮೇಲೆ ತಿನ್ನೋಣ ಅಂತಿದ್ದೆ. ಆಂಟಿ, ನಂಗೆ ಕೈ ಒಂಥರಾ ಆಗ್ತಾ ಇದೆ. ಕಾಲು ನಂದಲ್ವೇನೋ ಅನ್ಸ್ತಿದೆ."

"ಬೆವರ್ತಾ ಇದೀಯಾ?"

"ಹ್ಞೂಂ. ತಣ್ಣಗೆ."

"ಗ್ಲೂಕೋಸ್ ಮಾತ್ರೆ ಇರುತ್ತಲ್ಲ, ತಕ್ಷಣ ಬಾಯಿಗೆ ಹಾಕ್ಕೋ."

"ಅದು ಪೌಚಲ್ಲಿದೆ ಆಂಟಿ. ಬಿಸ್ಕತ್ತೂ ಅದ್ರಲ್ಲೇ ಇದೆ. ಬೆಂಚ್ ಮೇಲೆ. ನೀವೇ ಬಿಚ್ಚಿಸಿದ್ರಲ್ಲ."

"ಇದು ಯಾವಾಗ ಆಗ್ತಿರೋದು? ಈಗ್ಲಾ? ಅಮ್ಮ ಬರೋ ಮೊದ್ಲಾ?"

"ಗೊತ್ತಿಲ್ಲ. ನೀವು ಬರ್ದಿಲ್ಲ."

ಅಂತ್ಯ ಒಂದನ್ನು ಪೂರ್ತಿ ಅಳಿಸಿದೆ. ಮೇಷ್ಟ್ರ ಬಾಯಿ ಮುಚ್ಚಿಸಿ, ಪೌಚನ್ನು ಎತ್ತಿ ಮತ್ತೆ ಅವಳ ಸೊಂಟಕ್ಕೆ ಕಟ್ಟಿದೆ. ಎರಡು ಗಂಟು ಹಾಕಿದೆ. ಮಾತ್ರೆ ಕೈಯಳತೆಯಲ್ಲಿದೆ, ಇನ್ನು ಭಯವಿಲ್ಲ ಎಂದುಕೊಂಡೆ.

ಆದರೆ ನೀವು ಆಗಲೇ ಮುಂದಿನದನ್ನು ಯೋಚಿಸಿರುತ್ತೀರಿ. ಪೌಚ್ ಸೊಂಟದಲ್ಲಿದ್ದರೆ ಫೋನು ಸೆನ್ಸರಿನ ಪಕ್ಕದಲ್ಲೇ ಇದೆ. ಹಾಗಾದರೆ ಸಂಖ್ಯೆ ಯಾಕೆ ಬರುತ್ತಿಲ್ಲ?

ಅಂತ್ಯ ಎರಡು. ಫೋನು ಒಡೆದಿದೆ. ಯಾಕೆ ಒಡೆದಿದೆ ಎಂದರೆ ಅದರ ಮೇಲೆ ಅವಳು

ಅಳಿಸಿದೆ. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಪಾತ್ರೆ ಜೋರಾಗಿ ಇಟ್ಟ ಸದ್ದು ಬಂತು.

ಅಂತ್ಯ ಮೂರು. ಇದು ನನಗೆ ಇಷ್ಟ. ಮಿಡತೆಯ ಫೋನು ಹಳೆಯದು, ತಾಯಿ ಬಳಸಿ ಕೊಟ್ಟದ್ದು. ಬ್ಯಾಟರಿ ಕಮ್ಮಿಯಾಗುತ್ತಿದ್ದಂತೆ ತಾನೇ ಉಳಿತಾಯದ ಮೋಡ್‌ಗೆ ಹೋಗಿ, ತೆರೆಯ ಹಿಂದೆ ಓಡುತ್ತಿದ್ದ ಆ್ಯಪುಗಳನ್ನೆಲ್ಲ ಮಲಗಿಸಿದೆ. ಪೌಚ್ ಇದೆ, ಮಾತ್ರೆ ಇದೆ, ಮಗು ಇದೆ. ಸುದ್ದಿ ಕಳಿಸುವುದೊಂದು ನಿಂತಿದೆ. ಎಷ್ಟು ಚಂದದ ಅಂತ್ಯ. ಓಡಿಹೋಗಿ ಟ್ಯಾಕ್ಸಿಯ ಕಿಟಕಿಯಲ್ಲಿ ವಿಜೆಟ್ಟಮ್ಮನಿಗೆ ಹೇಳಿದೆ.

"ಆಗಿರಬಹುದು" ಎಂದಳು. ಫೋನು ಇನ್ನೂ ಕಿವಿಯಲ್ಲೇ ಇತ್ತು. "ಅದೂ ಆಗತ್ತೆ. ತುಂಬಾ ಸಲ ಹಾಗೇ ಆಗೋದು."

"ಮತ್ತೆ ಅದನ್ನೇ ಇಟ್ಟುಕೊಳ್ಳೋಣ?"

"ಆಗಿರಬಹುದು ಅನ್ನೋದನ್ನ ಇಟ್ಕೊಂಡು ನಾನು ಇಲ್ಲೇ ಕೂತಿರ್ಲಾ? ಸಿಗ್ನಲ್ ಬಿಡಿಸಿ ಮೇಡಂ."

ಬಿಡಿಸಿದೆ.

೯

ಮೈದಾನದ ಗೇಟು. ಅರ್ಧ ತೆರೆದಿದೆ, ಇನ್ನರ್ಧಕ್ಕೆ ಸೈಕಲ್ ಒರಗಿಸಿದ್ದಾರೆ. ವಿಜೆಟ್ಟಮ್ಮ ದುಡ್ಡು ಕೊಡದೆ ಇಳಿದು ಓಡಿದಳು. ಡ್ರೈವರು ಕರೆಯಲಿಲ್ಲ. ಅವನೂ ಇಳಿದು ಬಾಗಿಲ ಪಕ್ಕ ನಿಂತು ನೋಡುತ್ತಿದ್ದಾನೆ.

ಸುಣ್ಣದ ಗೆರೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿವೆ. ಬೆಂಚಿನ ಮೇಲೆ ಬ್ಯಾಗುಗಳ ರಾಶಿ. ಅದರಲ್ಲಿ ಪೌಚ್ ಇದೆಯೋ ಇಲ್ಲವೋ ಇಲ್ಲಿಂದ ಕಾಣುವುದಿಲ್ಲ. ಟ್ರ್ಯಾಕಿನ ಮೇಲೆ ಯಾರೂ ಓಡುತ್ತಿಲ್ಲ. ಮೈದಾನದ ಆ ತುದಿಯಲ್ಲಿ ಮಕ್ಕಳೆಲ್ಲ ಸುತ್ತುಗಟ್ಟಿ ನಿಂತಿದ್ದಾರೆ. ಬೆನ್ನುಗಳಷ್ಟೇ ಕಾಣುತ್ತಿವೆ. ನಡುವೆ ಏನಿದೆ? ಮೇಷ್ಟ್ರು ಆಯ್ಕೆಯಾದವರ ಹೆಸರು ಓದುತ್ತಿರಬಹುದು. ಮಕ್ಕಳು ಅದಕ್ಕೂ ಹಾಗೇ ನಿಲ್ಲುತ್ತಾರೆ. ಶಾಲೆಯ ಆಫೀಸಿನ ಹೆಂಗಸು ಸುತ್ತಿನ ಹೊರಗೆ ನಿಂತು ಬಾಯಿಗೆ ಸೆರಗು ಹಿಡಿದಿದ್ದಾರೆ. ಧೂಳಿಗೂ ಹಾಗೆ ಹಿಡಿಯುತ್ತಾರೆ.

ವಿಜೆಟ್ಟಮ್ಮ ಮಗಳನ್ನು ಕೂಗಿದಳು. ಸುತ್ತಿನಿಂದ ಯಾರೂ ತಿರುಗಲಿಲ್ಲ. ದೂರ ಬಹಳ, ಗಾಳಿಯೂ ಎದುರು.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಥೆಗಾರರು ಇಂಥ ಕಡೆಯೇ ನಿಲ್ಲಿಸುತ್ತಾರೆ. ವಿಮರ್ಶಕರು ಇದನ್ನು ತೆರೆದ ಅಂತ್ಯ ಎನ್ನುತ್ತಾರೆ, ಓದುಗರ ಕಲ್ಪನೆಗೆ ಬಿಟ್ಟಿದ್ದಾಳೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಆ ಸುತ್ತಿನೊಳಗೆ ಇಣುಕಲು ಧೈರ್ಯವಿಲ್ಲ. ಪೆನ್ನು ಕೆಳಗಿಟ್ಟೆ.

"ಮೇಡಂ." ಅವಳು ಓಡುತ್ತಲೇ ಇದ್ದಳು, ಏದುಸಿರಿನಲ್ಲಿ ಮಾತಾಡಿದಳು. "ನಿಲ್ಲಿಸಿದ್ರಾ?"

"ಇಲ್ಲಿಗೆ ಸಾಕು. ಇದಾದ ಮೇಲೆ ಏನು ಬರೆದರೂ ತಪ್ಪಾಗುತ್ತದೆ."

"ನಾನೂ ಅದನ್ನೇ ಮಾಡಿದ್ದು. ಹೊಸದೇನೂ ಇಲ್ಲ ಅಂದ್ರೆ ಸುಮ್ನಿರು ಅಂತ ಕಲಿಸ್ಕೊಟ್ಟೆ ಆ ಚೌಕಕ್ಕೆ. ನೀವು ಸುಮ್ನಾದ್ರೆ ಓದೋರು ಏನ್ ಮಾಡ್ತಾರೆ ಗೊತ್ತಾ? ಕೊನೇಲಿ ಕಂಡಿದ್ದನ್ನ ನೋಡ್ತಾರೆ. ಪರವಾಗಿಲ್ಲ, ಹೆಸ್ರು ಓದ್ತಿದಾರೆ, ಧೂಳಿಗೆ ಸೆರಗು ಹಿಡ್ಕೊಂಡಿದಾರೆ ಅಂತ ಅಂದ್ಕೊಂಡು ದೀಪ ಆರಿಸಿ ಮಲಕ್ಕೊತಾರೆ. ಹಸಿರು ನೋಡ್ಕೊಂಡು ನಾನು ನಗ್ತಾ ನಿಂತಿದ್ನಲ್ಲ, ಹಾಗೆ."

"ನನಗೆ ಗೊತ್ತಿಲ್ಲವಲ್ಲ ಅಮ್ಮ, ಏನು ಬರೆಯಲಿ?"

"ಗೊತ್ತಿಲ್ಲ ಅಂತಾನೇ ಬರೀರಿ. ನಿಲ್ಲಿಸ್ಬೇಡಿ ಅಷ್ಟೆ."

ಸರಿ. ಬರೆಯುತ್ತೇನೆ.

ಅವಳು ಓಡುತ್ತಿದ್ದಾಳೆ. ಮಗು ಹೇಗಿದೆ, ಗೊತ್ತಿಲ್ಲ. ಒಂದು ಚಪ್ಪಲಿ ಕಳಚಿ ಹಿಂದೆ ಬಿತ್ತು, ಅವಳು ನೋಡಲಿಲ್ಲ. ಮಗು ಹೇಗಿದೆ, ಗೊತ್ತಿಲ್ಲ. ಸುತ್ತು ಸ್ವಲ್ಪ ಸಡಿಲವಾಯಿತು, ಮತ್ತೆ ಕೂಡಿಕೊಂಡಿತು. ಅತ್ತೆ ಅಡುಗೆಮನೆಯಿಂದ ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದಾರೆ, ಓದುವುದಿಲ್ಲ ಎಂದವರು ಓದುತ್ತಿದ್ದಾರೆ. ಅವರ ಕೈ ನನ್ನ ಭುಜದ ಮೇಲಿದೆ, ಬಿಗಿಯಾಗಿದೆ. ಅವಳು ಓಡುತ್ತಿದ್ದಾಳೆ. ಈಗ ಮೈದಾನದ ನಡುವಿಗೆ ಬಂದಳು. ಸುತ್ತಿನಲ್ಲಿದ್ದ ಒಬ್ಬ ಹುಡುಗಿ ತಿರುಗಿ ನೋಡಿದಳು. ಅದು ಮಿಡತೆಯಲ್ಲ. ಮಗು ಹೇಗಿದೆ, ಇನ್ನೂ ಗೊತ್ತಿಲ್ಲ.

ನನ್ನ ಕೈ ಸೋಲುತ್ತಿದೆ. ಎಷ್ಟು ಹೊತ್ತು ಹೀಗೆ ಬರೆಯಬಲ್ಲೆನೋ ತಿಳಿಯದು. ಒಂದು ವೇಳೆ ಇದಾದ ಮೇಲೆ ನಿಮಗೆ ಸಾಲು ಕಾಣದೆ ಬರೀ ಬಿಳಿ ಕಾಗದ ಕಂಡರೆ, ದಯವಿಟ್ಟು ಎಲ್ಲ ಸರಿಯಾಗಿದೆ ಎಂದುಕೊಳ್ಳಬೇಡಿ.